ಟಾರ್ಚಿಗೆ ಶರಣು

ಹೊತ್ತು ಮುಳುಗಿದ ಮೇಲೆ ನನ್ನ ಎದುರಿಗೆ ಯಾವ ಬೆಳಕು ಹೊತ್ತಿದರೂ ಸರಿ, ನನ್ನ ಎರಡು ಕೈಗಳು ನನ್ನನ್ನು ಒಂದು ಮಾತೂ ಕೇಳದೆ ಎದ್ದು ಎದೆಯ ಮುಂದೆ ಕೂಡಿಕೊಳ್ಳುತ್ತವೆ. ದೇವರ ಮುಂದಿನ ದೀಪವಾದರೆ ಯಾರೂ ಏನೂ ಅನ್ನುವುದಿಲ್ಲ. ಟ್ಯೂಬ್‌ಲೈಟಿಗೂ ಕ್ಷಮೆ ಇದೆ. ಆದರೆ ಫ್ರಿಜ್ಜಿನ ಬಾಗಿಲು ತೆಗೆದಾಗ ಒಳಗೆ ಹೊತ್ತುವ ಪುಟ್ಟ ಬಲ್ಬಿಗೂ ಕೈಮುಗಿಯುವ ಮನುಷ್ಯ ಇಡೀ ನಾಸಿಕ್ ರೋಡಿನಲ್ಲಿ ನಾನೊಬ್ಬನೇ ಇರಬೇಕು.

"ಏನ್ರಿ, ಮಜ್ಜಿಗಿ ತರ್ಲಾಕ ಹೋಗಿ ಬದನೀಕಾಯಿಗೆ ಶರಣು ಮಾಡ್ಕೋತ ನಿಂತೀರಲ್ಲ!" ಎಂದು ನನ್ನ ಹೆಂಡತಿ ಶಾಂತಾಬಾಯಿ ಒಳಗಿನಿಂದ ಕೂಗುತ್ತಾಳೆ. "ಬಾಗಿಲಾ ಹಾಕ್ರಿ, ದೇವರಿಗೆ ಥಂಡಿ ಹತ್ತತದ."

ಇದು ಹುಟ್ಟಿನಿಂದ ಬಂದದ್ದು. ನಮ್ಮದು ಬೀದರ ಜಿಲ್ಲೆಯ ಒಂದು ಹಳ್ಳಿ. ಸಂಜೆ ನನ್ನ ಅವ್ವ ಕಂದೀಲು ಹಚ್ಚಿ ಗೂಟಕ್ಕೆ ತೂಗುಹಾಕಿದಳೆಂದರೆ ಮನೆಯಲ್ಲಿದ್ದವರೆಲ್ಲ ಇದ್ದಲ್ಲಿಯೇ ಕಣ್ಣು ಮುಚ್ಚಿ "ಶರಣು" ಅನ್ನಬೇಕು. ನನ್ನ ಅಪ್ಪ ಮತ್ತು ಕಾಕಾ ಜಗಳ ಜೋರಾಗಿ ನಡೆದಿರುತ್ತಿತ್ತು. ಕಂದೀಲು ಬಂದ ಕೂಡಲೇ ಇಬ್ಬರೂ ಬೈಗುಳವನ್ನು ನಡುವೆಯೇ ಬಿಟ್ಟು ಕೈಮುಗಿಯುತ್ತಿದ್ದರು. ಕಣ್ಣು ತೆರೆದ ಮೇಲೆ, ಎಲ್ಲಿ ಬಿಟ್ಟಿದ್ದರೋ ಆ ಅಕ್ಷರದಿಂದಲೇ ಬೈಗುಳ ಮುಂದುವರಿಯುತ್ತಿತ್ತು.

ಈ ಚಟದಿಂದ ನನಗೆ ಲಾಭವೂ ಆಗಿದೆ, ಸುಳ್ಳು ಹೇಳಲಾರೆ. ಒಮ್ಮೆ ಸಂಜೆ ಸ್ಕೂಟರಿನ ಮೇಲೆ ಬರುವಾಗ ಪೊಲೀಸರು ತಡೆದರು. ಲೈಸೆನ್ಸು ಮನೆಯಲ್ಲಿತ್ತು. ಹವಾಲ್ದಾರ ನನ್ನ ಮುಖಕ್ಕೆ ಟಾರ್ಚ್ ಹಿಡಿದ. ಹಿಡಿದ ಕೂಡಲೇ ನಾನು ಕಣ್ಣು ಮುಚ್ಚಿ ಕೈಮುಗಿದೆ. ಈ ಮುದುಕ ಇಷ್ಟೊಂದು ಗೋಗರೆಯುತ್ತಾನಲ್ಲ ಎಂದು ಅವನಿಗೇ ನಾಚಿಕೆಯಾಗಿ, "ಜಾ ಬಾಬಾ, ಜಾ" ಎಂದು ಬಿಟ್ಟುಬಿಟ್ಟ. ಅದು ಗೋಗರೆತವಲ್ಲ, ಅವನ ಟಾರ್ಚಿಗೆ ಮಾಡಿದ ನಮಸ್ಕಾರ ಎಂದು ತಿದ್ದಲು ನಾನು ಹೋಗಲಿಲ್ಲ.

ಟಾರ್ಚಿನ ಮಾತು ಬಂತು. ಈ ಪ್ರಬಂಧದ ಪಾಪವೆಲ್ಲ ಅದರೊಳಗೇ ಇದೆ, ಬಂದದ್ದು ಒಳ್ಳೆಯದಾಯಿತು.

ನಾನು ಓದಿದ್ದು ಹತ್ತನೇ ಇಯತ್ತೆ. ಆಮೇಲೆ ಊರು ಬಿಟ್ಟು ಈ ಕಡೆ ಬಂದು, ಲಾಸಲಗಾಂವಿನ ಈರುಳ್ಳಿ ಪೇಟೆಯ ಒಂದು ಅಡತ್ ಅಂಗಡಿಯಲ್ಲಿ, ಅಂದರೆ ದಲಾಲಿ ಮಂಡಿಯಲ್ಲಿ, ಉಳ್ಳಾಗಡ್ಡಿ ನೋಡುವ ಕೆಲಸಕ್ಕೆ ನಿಂತೆ. ನೋಡುವುದು ಎಂದರೆ ನಿಜವಾಗಿ ನೋಡುವುದೇ. ನಸುಕಿನಲ್ಲಿ ಗಾಡಿಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು. ನಾನು ಟಾರ್ಚ್ ಹಿಡಿದು ಮಾಲಿನ ಮೈ, ಬಣ್ಣ, ಮೊಳಕೆ, ಕೊಳೆ ನೋಡುತ್ತಿದ್ದೆ. ಮೂರು ಸೆಲ್ಲಿನ ಉದ್ದ ಉಕ್ಕಿನ ಟಾರ್ಚ್. ಅದು ನನ್ನ ಬಗಲಲ್ಲಿ ಎಷ್ಟು ವರ್ಷ ಇತ್ತೆಂದರೆ, ಮದುವೆಯ ಫೋಟೋದಲ್ಲಿ ಕೂಡ ನನ್ನ ಕೋಟಿನ ಒಂದು ಬದಿ ಉಬ್ಬಿಕೊಂಡಿದೆ. ಶಾಂತಾಬಾಯಿ ಆ ಫೋಟೋ ನೋಡಿದಾಗೆಲ್ಲ, "ಇಬ್ಬರನ್ನ ಕಟ್ಕೊಂಡ್ರು ಅವತ್ತ" ಅನ್ನುತ್ತಾಳೆ.

ನಮ್ಮ ಮಗನ ಮಗಳು ನೀಲಾ. ಪೂರ್ತಿ ಹೆಸರು ನೀಲಾಂಬಿಕಾ. ಹುಟ್ಟಿದ್ದು ಬೆಳೆದದ್ದು ಎಲ್ಲ ನಾಸಿಕ್ ರೋಡಿನಲ್ಲೇ. ಕನ್ನಡ ಪೂರ್ತಿ ತಿಳಿಯುತ್ತದೆ, ಆಡುವಾಗ ಮಾತ್ರ ಅರ್ಧ ದಾರಿಯಲ್ಲಿ ಮರಾಠಿ ಗಾಡಿ ಹತ್ತಿಬಿಡುತ್ತಾಳೆ. ಈಗ ಛತ್ರಪತಿ ಸಂಭಾಜಿನಗರದ ಹೊರಗಿರುವ ಒಂದು ಸಣ್ಣ ಶಾಲೆಯಲ್ಲಿ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಾಳೆ. ಹಗಲಿನ ಹಾರಾಟ ಮುಗಿಸಿ, ಕತ್ತಲಾದ ಮೇಲಿನ ಹಾರಾಟಕ್ಕೆ ಬಂದಿದ್ದಳು. ಅದರಲ್ಲಿ ಪಾಸಾಗದೆ ಕೆಲಸಕ್ಕೆ ಬೇಕಾದ ಲೈಸೆನ್ಸು ಸಿಗುವುದಿಲ್ಲ.

"ಅಜ್ಜಾ, ಕತ್ತಲದಾಗ ಹಾರಬೇಕಂದ್ರ ಟಾರ್ಚ್ ಕಂಪಲ್ಸರಿ ಆಹೆ," ಎಂದು ಅವಳು ಫೋನಿನಲ್ಲಿ ಹೇಳಿದಾಗ ನಾನು ಹಿಗ್ಗಿಬಿಟ್ಟೆ. ಇಷ್ಟು ದೊಡ್ಡ ಯಂತ್ರ, ಅಷ್ಟೊಂದು ಗಡಿಯಾರ, ಮುಳ್ಳು, ಬಲ್ಬು. ಕೊನೆಗೆ ಅದೂ ನನ್ನ ಹಾಗೆ ಬಗಲಲ್ಲಿ ಟಾರ್ಚ್ ಇಟ್ಟುಕೊಂಡೇ ಹೊರಡಬೇಕು! ಆ ವಾರವೇ ನನ್ನ ಮೂರು ಸೆಲ್ಲಿನ ಟಾರ್ಚನ್ನು ಒರೆಸಿ, ಹೊಸ ಸೆಲ್ಲು ಹಾಕಿ, ಮಗನ ಕೈಯಲ್ಲಿ ಕಳಿಸಿದೆ.

ಅವಳಿಗೆ ಕಲಿಸುವವರು ಕ್ಯಾಪ್ಟನ್ ಬೋರ್ಸೆ. ಬಿಳಿ ಮೀಸೆ, ಕಡಿಮೆ ಮಾತು. ನನ್ನ ಟಾರ್ಚನ್ನು ಎರಡು ಕೈಯಲ್ಲಿ ತೂಗಿ ನೋಡಿ, "ಹಾ ಟಾರ್ಚ್ ಉಡಾಯಲಾ ಆಣಲಾಸ್ ಕೀ ಸಾಪ್ ಮಾರಾಯಲಾ?" ಎಂದರಂತೆ. ಹಾರಲು ತಂದಿದ್ದೋ, ಹಾವು ಹೊಡೆಯಲು ತಂದಿದ್ದೋ! ಅವರು ಹೇಳಿದ ನಿಯಮಗಳೇ ಬೇರೆ. ಟಾರ್ಚ್ ಒಂದಲ್ಲ, ಎರಡು ಬೇಕು. ಹಾರುವ ಮೊದಲು ವಿಮಾನದ ಸುತ್ತ ತಿರುಗಿ ರೆಕ್ಕೆ, ಗಾಲಿ, ಎಣ್ಣೆ ನೋಡಲು ಪ್ರಖರವಾದ ಬಿಳಿ ಬೆಳಕಿನದು. ಒಳಗೆ ಕೂತ ಮೇಲೆ ಮಂದ ಬೆಳಕಿನ ಸಣ್ಣದು, ಬೇಕಾದರೆ ಕೆಂಪು. ಒಳಗಿನ ದೀಪವೆಲ್ಲ ಆರಿಹೋದರೂ ಮುಳ್ಳುಗಳು ಕಾಣಬೇಕಲ್ಲ, ಅದಕ್ಕೆ. ಬಾಯಲ್ಲಿ ಕಚ್ಚಿಕೊಳ್ಳಬಾರದು, ರೇಡಿಯೋದಲ್ಲಿ ಮಾತಾಡಬೇಕಾಗುತ್ತದೆ. ಸೀಟಿನ ಮೇಲೆ ಇಡಬಾರದು, ಉರುಳಿ ಕಾಲಬುಡಕ್ಕೆ ಹೋಗುತ್ತದೆ. ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಮನುಷ್ಯನ ಕಣ್ಣು ಕತ್ತಲೆಗೆ ಪೂರ್ತಿ ಪಳಗಲು ಅರ್ಧ ಗಂಟೆ ಬೇಕು, ಕೆಡಲು ಒಂದು ಚಣದ ಬಿಳಿ ಬೆಳಕು ಸಾಕು.

ಕೊರಳಿಗೆ ಕಟ್ಟುವ ದಾರವನ್ನು ಶಾಂತಾಬಾಯಿಯೇ ಹೊಸೆದು ಕಳಿಸಿದಳು, ಶಿವದಾರ ಹೊಸೆದಷ್ಟೇ ಶ್ರದ್ಧೆಯಿಂದ. "ಒಳಗ ಲಿಂಗ, ಹೊರಗ ಟಾರ್ಚು. ಎರಡೂ ಕೆಳಗ ಬೀಳಬಾರದು ನೋಡು ಮಗಾ," ಎಂದು ಮೊಮ್ಮಗಳಿಗೆ ತಾಕೀತು ಮಾಡಿದಳು.

ನಿಯಮ ಕೇಳಿದ ಮೇಲೆ ನಾನು ಸುಮ್ಮನೆ ಕೂರುವ ಆಸಾಮಿಯಲ್ಲ. ಮನೆಯಲ್ಲಿ ಕರೆಂಟು ಹೋದ ಸಂಜೆ, ಮಿಠಾಯಿ ಡಬ್ಬಿಯ ಕೆಂಪು ಹಾಳೆಯನ್ನು ಇನ್ನೊಂದು ಸಣ್ಣ ಟಾರ್ಚಿಗೆ ಸುತ್ತಿ, "ಮೇಣಬತ್ತಿ ಹಚ್ಚಬ್ಯಾಡ, ನನ್ನ ಕಣ್ಣು ಪಳಗಲತ್ತಾವ" ಎಂದು ಹೆಂಡತಿಗೆ ಅಪ್ಪಣೆ ಮಾಡಿದೆ. ಅವಳು ಮರುಮಾತಾಡದೆ ತಾಟು ತಂದಿಟ್ಟಳು. ಕೆಂಪು ಬೆಳಕಿನಲ್ಲಿ ನೋಡಿದರೆ ಬಿಸಿ ರೊಟ್ಟಿ, ತುಪ್ಪ, ಪಕ್ಕದಲ್ಲಿ ಬೆಳ್ಳಗೆ ಪುಡಿಸಕ್ಕರೆ. ಸಕ್ಕರೆ ಕಾಯಿಲೆಯವನಿಗೆ ಇವಳೇ ಸಕ್ಕರೆ ಬಡಿಸಿದ್ದಾಳೆಂದರೆ ಕತ್ತಲೆಯಲ್ಲಿ ಕರುಣೆ ಹೆಚ್ಚಾಗಿರಬೇಕು ಎಂದುಕೊಂಡು ದೊಡ್ಡ ತುತ್ತು ಅದ್ದಿ ಬಾಯಿಗಿಟ್ಟೆ. ಅದು ಕೆಂಪು ಖಾರದಪುಡಿ!

ನಾನು ನೀರಿಗಾಗಿ ಕುಣಿಯುತ್ತಿದ್ದಾಗ ಶಾಂತಾಬಾಯಿ ತಣ್ಣಗೆ ಹೇಳಿದಳು: "ಕೆಂಪು ಬೆಳಕಿನಾಗ ಮ್ಯಾಪಿನ ಮ್ಯಾಲಿನ ಕೆಂಪು ಗೆರಿ ಕಾಣಂಗಿಲ್ಲ ಅಂತ ಕ್ಯಾಪ್ಟನ್ ಸಾಹೇಬ್ರು ಹೇಳ್ಯಾರಂತ ನೀವೇ ಅಂದಿರಲ್ರಿ. ಖರೇನೋ ಸುಳ್ಳೋ ನೋಡೂಣಂತ ಮಾಡ್ದೆ."

ಖರೇ ಇತ್ತು.

ಹೀಗೆ ನಗುನಗುತ್ತಾ ನಡೆದಿದ್ದಾಗ ಒಂದು ಮಧ್ಯಾಹ್ನ ನೀಲಾಳ ಫೋನು ಬಂತು. ದನಿ ಸಪ್ಪಗಿತ್ತು.

"ಅಜ್ಜಾ, ಲಫಡಾ ಆಗ್ಯದ."

ಕ್ಯಾಪ್ಟನ್ ಸಾಹೇಬರು ಆಕಾಶದಲ್ಲಿ ಇದ್ದಕ್ಕಿದ್ದಂತೆ ಒಳಗಿನ ದೀಪಗಳನ್ನೆಲ್ಲ ಆರಿಸಿ, ಈಗ ಕರೆಂಟು ಹೋಗಿದೆ ಎಂದುಕೋ, ಹಾರಿಸು ಎನ್ನುತ್ತಾರಂತೆ. ಕತ್ತಲಾಗುವುದು ಅವಳಿಗೆ ತೊಂದರೆಯಲ್ಲ. ತೊಂದರೆ ಬೆಳಕಾಗುವುದು. ಅವರು ಪಕ್ಕದಿಂದ ಟಾರ್ಚ್ ಹೊತ್ತಿಸಿದರು. ಹೊತ್ತಿಸಿದ ಕೂಡಲೇ ಇವಳು ಸ್ಟೇರಿಂಗು ಬಿಟ್ಟು, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿಬಿಟ್ಟಳು! ಮೊದಲ ಸಲ ವಿಮಾನ ಎತ್ತರದಲ್ಲಿ ಸಮನಾಗಿ ಹೋಗುತ್ತಿತ್ತು. ಕೈ ಬಿಟ್ಟ ಮಾತ್ರಕ್ಕೆ ಅದು ಕೂಡಲೇ ಬೀಳುವುದಿಲ್ಲವಂತೆ. ಅವರು, "ತೂ ವಿಮಾನ್ ಉಡವತೇಸ್ ಕೀ ಆರತಿ ಕರತೇಸ್?" ಎಂದು ನಕ್ಕು ಬಿಟ್ಟರು. ವಿಮಾನ ಹಾರಿಸುತ್ತೀಯೋ, ಆರತಿ ಎತ್ತುತ್ತೀಯೋ! ಎರಡನೆಯ ಸಲ ವಿಮಾನ ಇಳಿಯುತ್ತಿತ್ತು, ನೆಲ ಹತ್ತಿರ ಬಂದಿತ್ತು. ಆಗ ಅವರು ನಗಲಿಲ್ಲ. ಸ್ಟೇರಿಂಗು ಕಸಿದು ತಾವೇ ಇಳಿಸಿದರು. ಇನ್ನೊಂದು ಸಲ ಕೈ ಎದ್ದರೆ ಕತ್ತಲ ಹಾರಾಟ ಬಂದ್, ಮನೆಗೆ ಹೋಗು ಎಂದಿದ್ದಾರೆ.

ಸುದ್ದಿ ಕೇಳಿ ನಮ್ಮ ಮನೆಯಲ್ಲಿ ಏನಾಯಿತು ಗೊತ್ತೆ? ಹೆಮ್ಮೆಯಾಯಿತು. "ಅಷ್ಟ್ ಮ್ಯಾಲ ಹೋದ್ರೂ ನಮ್ಮ ಸಂಸ್ಕಾರ ಬಿಟ್ಟಿಲ್ಲ ನೋಡ್ರಿ ಹುಡುಗಿ," ಎಂದು ಶಾಂತಾಬಾಯಿ ಕಣ್ಣು ಒರೆಸಿಕೊಂಡಳು. ಮಗ, "ಎಲ್ಲಾ ಅಪ್ಪಾ ಕಲಿಸಿದ್ದು" ಎಂದು ನನ್ನ ಕಡೆ ಕೈ ತೋರಿಸಿದ. ನಾನು ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಕಲಿಸಿದ್ದು ನಾನೇ. ಆದರೆ ಯಾಕೆ ಕಲಿಸಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಇಲ್ಲಿಂದ ಮುಂದಿನದನ್ನು ನೀವು ಶಾಂತಾಬಾಯಿಗೆ ಹೇಳುವುದಿಲ್ಲ ಎಂದು ನಂಬಿ ಬರೆಯುತ್ತಿದ್ದೇನೆ.

ನೀಲಾ ಸಣ್ಣವಳಿದ್ದಾಗ ಸಂಜೆಗೆ ಆಗಾಗ ಕರೆಂಟು ಹೋಗುತ್ತಿತ್ತು. ಅವಳು ಮೆಟ್ಟಿಲ ಮೇಲೆ ನನ್ನ ಪಕ್ಕ ಬಂದು ಕೂರುತ್ತಿದ್ದಳು, ಎರಡು ಕೈಯಲ್ಲಿ ಎರಡು ಶೇಂಗಾ ಉಂಡಿ ಹಿಡಿದುಕೊಂಡು. ನನಗೆ ಆಗಷ್ಟೇ ಸಕ್ಕರೆ ಕಾಯಿಲೆ ಹತ್ತಿತ್ತು. ಡಾಕ್ಟರು ಸಿಹಿ ಬಂದ್ ಮಾಡಿದ್ದರು, ಶಾಂತಾಬಾಯಿ ಡಬ್ಬಿಗೆ ಬೀಗ ಹಾಕಿದ್ದಳು. ಬೆಲ್ಲದ ವಾಸನೆ ಮೂಗಿನ ಹತ್ತಿರವೇ. ಮನುಷ್ಯ ಎಷ್ಟು ಹೊತ್ತು ತಡೆದಾನು?

"ನೀಲಾ, ದೀಪಾ!" ಎಂದು ಟಾರ್ಚ್ ಹೊತ್ತಿಸುತ್ತಿದ್ದೆ. ಕೂಸು ಪಾಪ, ಉಂಡಿಗಳನ್ನು ನನ್ನ ಧೋತರದ ಉಡಿಯಲ್ಲಿ ಇಟ್ಟು, ಕಣ್ಣು ಮುಚ್ಚಿ, ಕೈಮುಗಿದು "ಶರಣು" ಅನ್ನುತ್ತಿತ್ತು. ನನ್ನ ಶರಣು ಚಣದಲ್ಲಿ ಮುಗಿದು, ಅವಳು ಕಣ್ಣು ತೆರೆಯುವುದರೊಳಗೆ ಒಂದು ಉಂಡಿಯ ಅರ್ಧ ನನ್ನ ದವಡೆಯಲ್ಲಿರುತ್ತಿತ್ತು.

"ಅಜ್ಜಾ, ಉಂಡಿ ಸಣ್ಣದ್ ಆಗ್ಯದ."

"ದೀಪ ನೈವೇದ್ಯ ತಗೊಂಡದ ಮಗಾ."

ಹುಡುಗಿ ಚುರುಕು. ಒಂದು ಸಂಜೆ ಅವಳು ಕೈಮುಗಿಯದೆ ಒಂದೇ ಕಣ್ಣು ಮುಚ್ಚಿ ನನ್ನನ್ನೇ ನೋಡತೊಡಗಿದಳು. ಕಳ್ಳನಿಗೆ ಆಪತ್ತಿನಲ್ಲಿ ಬುದ್ಧಿ ಬೇಗ ಹೊಳೆಯುತ್ತದೆ. ನಾನು ಟಾರ್ಚಿನ ಗುಂಡಿ ಒತ್ತಿ ಆರಿಸಿ, "ನೋಡು, ಸಿಟ್ಟಿಗೆದ್ದದ. ಶರಣು ಮಾಡ್ಲಿಲ್ಲಂದ್ರ ದೀಪಾ ಹೊಳ್ಳಿ ಹತ್ತಂಗಿಲ್ಲ" ಎಂದೆ. ಕತ್ತಲೆಯಲ್ಲಿ ಅವಳು ಹೆದರಿ, ಉಂಡಿಗಳನ್ನು ನನ್ನ ಉಡಿಗೆ ಹಾಕಿ, ಎರಡೂ ಕೈ ಜೋಡಿಸಿದಳು. ದೀಪ ಹತ್ತಿತು. ಆ ದಿನ ನೈವೇದ್ಯ ಪೂರ್ತಿ ಒಂದು ಉಂಡಿ.

ಇದು ನನ್ನ ಸಂಸ್ಕಾರ!

ನನ್ನ ಪಾಪವನ್ನು ನಾನೇ ಬಿಡಿಸಬೇಕು ಎಂದು ಮರುದಿನ ರೈಲು ಹತ್ತಿದೆ. ಕಾರಣ ಕೇಳಿದವರಿಗೆ ಅಭ್ಯಾಸ ಮಾಡಿಸಲು ಎಂದೆ. ನಿಫಾಡದ ದ್ರಾಕ್ಷಿತೋಟಗಳು ಹೋದವು. ಲಾಸಲಗಾಂವ ಬಂದಾಗ ಕಿಟಕಿಯೊಳಗೆ ಹಳೆಯ ಉಳ್ಳಾಗಡ್ಡಿ ಘಾಟು ನುಗ್ಗಿ ಕಣ್ಣಲ್ಲಿ ನೀರು ಬಂತು. ಎದುರಿಗೆ ಕೂತಿದ್ದ ಹೆಣ್ಣುಮಗಳು ಏನಾಯಿತು ಕಾಕಾ ಎಂದಳು. ಉಳ್ಳಾಗಡ್ಡಿ ಎಂದೆ. ಅರ್ಧ ಸತ್ಯ. ಬ್ಯಾಗಿನಲ್ಲಿ ಶಾಂತಾಬಾಯಿ ಮೊಮ್ಮಗಳಿಗೆಂದು ಕಟ್ಟಿಕೊಟ್ಟ ಶೇಂಗಾ ಉಂಡಿಯ ಡಬ್ಬಿ ಇತ್ತು. ಸಂಭಾಜಿನಗರದವರೆಗೂ ಅದನ್ನು ಮುಟ್ಟಲಿಲ್ಲ. ನನ್ನ ಜೀವಮಾನದಲ್ಲಿ ಅಂಥ ಕಠಿಣ ವ್ರತ ಮತ್ತೊಂದಿಲ್ಲ.

ನೀಲಾ ಒಂದು ಮನೆಯ ಮಾಳಿಗೆಯ ಮೇಲೆ ಬಾಡಿಗೆಗೆ ಇದ್ದಳು. ಸಂಜೆ ಕಿಟಕಿ ಮುಚ್ಚಿ, ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಕೈಗೆ ಒಂದು ಸ್ಟೀಲಿನ ತಾಟು ಕೊಟ್ಟೆ. ಅದೇ ಸ್ಟೇರಿಂಗು. ನಾನು ಪಕ್ಕದಲ್ಲಿ ಕೂತು ಕ್ಯಾಪ್ಟನ್ನರಾದೆ.

"ಕೈ ಬಿಡಬಾರದು. ಏನಾದ್ರೂ ಬಿಡಬಾರದು," ಎಂದು ಟಾರ್ಚ್ ಹೊತ್ತಿಸಿದೆ.

ಖಣಾರ್! ತಾಟು ನೆಲಕ್ಕೆ ಬಿದ್ದು ಗಿರಗಿರ ತಿರುಗಿತು. ಅವಳ ಕೈ ಎದೆಯ ಮೇಲೆ.

ಕೆಳಗಿನಿಂದ ಮನೆಯೊಡತಿ ಕೂಗಿದಳು: "ಕಾಯ್ ಪಡಲಂ ಗ, ನೀಲಾ?"

"ವಿಮಾನ್ ಪಡಲಂ, ಕಾಕೂ!"

ಆ ಸಂಜೆ ವಿಮಾನ ಎಷ್ಟು ಸಲ ಬಿತ್ತೋ! ಕೊನೆಗೆ ಮನೆಯೊಡತಿ ಏನು ಬಿತ್ತೆಂದು ಕೇಳುವುದನ್ನೇ ಬಿಟ್ಟಳು. ಮುಂಗೈಗೆ ಟಾವೆಲ್ಲಿನಿಂದ ತಾಟು ಕಟ್ಟಿದೆ. ಟಾರ್ಚ್ ಹೊತ್ತಿದರೆ ತಾಟಿನ ಸಮೇತ ಕೈಮುಗಿದಳು. ಅದಕ್ಕಿಂತ ಕೆಟ್ಟದ್ದೆಂದರೆ, ಟಾರ್ಚ್ ಹೊತ್ತಿದಾಗೆಲ್ಲ ನಾನೂ ಕೈಮುಗಿಯುತ್ತಿದ್ದೆ. ಗುರು ಶಿಷ್ಯೆ ಇಬ್ಬರೂ ಅಕ್ಕಪಕ್ಕ ಕೂತು ಒಬ್ಬರಿಗೊಬ್ಬರು ಶರಣು ಮಾಡುತ್ತಿದ್ದುದನ್ನು ಕ್ಯಾಪ್ಟನ್ ಬೋರ್ಸೆ ನೋಡಿದ್ದರೆ ಇಬ್ಬರನ್ನೂ ಮನೆಗೆ ಕಳಿಸುತ್ತಿದ್ದರು.

ನೀಲಾ ಟಾವೆಲ್ಲು ಬಿಚ್ಚಿ ತಾಟನ್ನು ತೊಡೆಯ ಮೇಲೆ ಮಗುಚಿ ಹಾಕಿದಳು.

"ಅಜ್ಜಾ, ಒಂದು ಖರೇ ಹೇಳ್ಲಿ? ಕೈ ಹಿಡದು ಕೂತ್ರ ಎದಿ ಧಡಧಡ ಅಂತದ. ನೀವೇ ಹೇಳಿದ್ರಲಾ, ಶರಣು ಮಾಡ್ಲಿಲ್ಲಂದ್ರ ದೀಪಾ ಹೊಳ್ಳಿ ಹತ್ತಂಗಿಲ್ಲ. ಮ್ಯಾಲ ಹೋದಾಗ, ಅಂಧಾರ ಇದ್ದಾಗ, ಅದೇ ನೆಪ್ಪ ಆಗತದ. ಮೂರ್ಖಪಣಾ ಆಹೆ ಅಂತ ಗೊತ್ತದ. ತರೀ ಭೀತಿ ವಾಟತೇ."

ನಾನು ಕದ್ದದ್ದು ಉಂಡಿ ಮಾತ್ರ ಎಂದುಕೊಂಡಿದ್ದೆ. ಅದರ ಬದಲಿಗೆ ಕತ್ತಲೆಯ ಹೆದರಿಕೆಯನ್ನು ಅವಳ ಕೈಯಲ್ಲಿ ಇಟ್ಟುಬಿಟ್ಟಿದ್ದೆ. ಅದನ್ನು ಹಿಡಿದುಕೊಂಡೇ ಈ ಹುಡುಗಿ ಆಕಾಶ ಹತ್ತುತ್ತಿದ್ದಳು.

ಹೇಳಿದೆ. ಎಲ್ಲ ಹೇಳಿದೆ. ಮೆಟ್ಟಿಲು, ಧೋತರದ ಉಡಿ, ನೈವೇದ್ಯ, ಗುಂಡಿ ಒತ್ತಿ ಆರಿಸಿದ್ದು. "ಮನಿಯೊಳಗಿನ ಸಂಜೀ ದೀಪಕ್ಕ ಶರಣು ಖರೇ ಮಗಾ. ಅದು ನಮ್ಮವ್ವ ಕಲಿಸಿದ್ದು. ಟಾರ್ಚಿಂದು ಮಾತ್ರ ನನ್ನ ಹೊಟ್ಟೀ ಸಲುವಾಗಿ. ಯಾವ ದೀಪಾನೂ ಸಿಟ್ಟಿಗೇಳಂಗಿಲ್ಲ. ಸೆಲ್ಲು ಇದ್ರ ಹತ್ತತದ, ಇಲ್ಲಂದ್ರ ಇಲ್ಲ."

ನೀಲಾ ನನ್ನ ಕೈಯಿಂದ ಟಾರ್ಚ್ ಕಸಿದು ಆರಿಸಿಬಿಟ್ಟಳು. ಕೋಣೆ ಗವಿಯಂತಾಯಿತು. ನನಗೆ ನನ್ನ ಕೈಯೇ ಕಾಣಲೊಲ್ಲದು. ಬಯ್ಯಲಿ, ಅಳಲಿ, ಏನಾದರೂ ಮಾಡಲಿ ಎಂದು ಕಾದೆ. ಎಷ್ಟೋ ಹೊತ್ತಾದ ಮೇಲೆ ಬಾಗಿಲ ಸಂದಿಯ ಬೆಳಕಿನ ಗೆರೆ ಕಂಡಿತು. ಆಮೇಲೆ ಕುರ್ಚಿಯ ಕಾಲು. ಆಮೇಲೆ ತಾಟಿನ ಅಂಚು. ಕ್ಯಾಪ್ಟನ್ ಸಾಹೇಬರು ಹೇಳಿದ್ದು ನಿಜ, ಕಣ್ಣು ನಿಧಾನವಾಗಿ ಪಳಗುತ್ತದೆ. ಕೊನೆಗೆ ಅವಳ ಮುಖ ಕಂಡಿತು. ಎರಡು ಕೈಯಿಂದ ಬಾಯಿ ಮುಚ್ಚಿಕೊಂಡು, ಹೆಗಲು ಕುಣಿಸುತ್ತಾ ನಗುತ್ತಿದ್ದಳು. ಕಣ್ಣು ಮಾತ್ರ ಒದ್ದೆಯಾಗಿದ್ದವು. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದಳೋ ದೇವರೇ ಬಲ್ಲ.

"ಚೋರ್ ಅಜ್ಜಾ," ಎಂದಳು. "ದೀಪಾ ನೈವೇದ್ಯ ತಗೊಂಡದ ಅಂತ ನಾ ಶಾಳೆದಾಗ ಟೀಚರ್‌ಗೂ ಹೇಳೀನಿ! ಎಲ್ಲಾರೂ ನಕ್ಕಿದ್ರು."

ಆಮೇಲೆ ಟಾರ್ಚ್ ನನ್ನ ಕೈಗೆ ಕೊಟ್ಟು ತಾಟು ಎತ್ತಿಕೊಂಡಳು. "ಹಚ್ರಿ ಈಗ."

ಹಚ್ಚಿದೆ. ತಾಟು ನಡುಗಿತು. ಬೀಳಲಿಲ್ಲ.

ಪರೀಕ್ಷೆಯ ಸಂಜೆ ನಾನು ಹಾರಾಟದ ಮೈದಾನದ ತಂತಿಬೇಲಿಯ ಹೊರಗೆ ನಿಂತಿದ್ದೆ. ಜೊತೆಗೆ ಗೇಟಿನ ವಾಚ್‌ಮನ್. ಅಭ್ಯಾಸಬಲದಿಂದ ಜೇಬಿನ ಟಾರ್ಚ್ ಹೊತ್ತಿಸಿದ್ದಕ್ಕೆ, "ಆಜೋಬಾ, ಬತ್ತಿ ಬಂದ್ ಕರಾ, ಪೋರಾಂಚೇ ಡೋಳೇ ಖರಾಬ್ ಹೋತೀಲ್" ಎಂದು ಅವನಿಂದ ಬೈಸಿಕೊಂಡೆ. ಮಕ್ಕಳ ಕಣ್ಣು ಕೆಡುತ್ತದಂತೆ. ಸರಿಯೇ. ನಾನು ಮಕ್ಕಳ ಕಣ್ಣು ಕೆಡಿಸಿದ್ದು ಸಾಕು ಎಂದು ಆರಿಸಿ ಒಳಗಿಟ್ಟೆ.

ಶುಗರಿಗೆ ಹೆದರದೆ ಒಂದು ಪೇಢೆಯ ಡಬ್ಬಿ ತಂದಿದ್ದೆ. ಪಾಸಾದರೆ ಹಂಚಲು. ಅದನ್ನು ಬಗಲಲ್ಲಿ ಇರುಕಿಕೊಂಡೆ. ಮನಸ್ಸಿನಲ್ಲಿ ಒಂದು ಹರಕೆ ಹೊತ್ತಿದ್ದೆ: ಅವಳು ಮೇಲಿರುವಷ್ಟು ಹೊತ್ತು ನಾನೂ ಕೈಮುಗಿಯುವುದಿಲ್ಲ. ಅವಳು ಹಿಡಿದರೆ ನಾನೂ ಹಿಡಿಯುತ್ತೇನೆ.

ಆಗಲೇ ಮೈದಾನದ ಉದ್ದಕ್ಕೂ ಎರಡು ಸಾಲು ದೀಪ ಒಮ್ಮೆಲೇ ಹೊತ್ತಿಕೊಂಡವು. ಅಯ್ಯೋ ಶಿವನೇ! ಫ್ರಿಜ್ಜಿನ ಬಲ್ಬಿಗೆ ಬಾಗುವವನ ಮುಂದೆ ಇಡೀ ದೀಪಾವಳಿ ಇಟ್ಟಂತೆ. ಪಕ್ಕದಲ್ಲಿ ವಾಚ್‌ಮನ್ ಆರಾಮವಾಗಿ ಹಣೆಗೆ ಕೈಮುಟ್ಟಿಸಿ ನಮಸ್ಕಾರ ಮಾಡಿಕೊಂಡ. ನಾನು ಎರಡೂ ಕೈಯಿಂದ ಬೇಲಿಯ ತಂತಿ ಹಿಡಿದುಕೊಂಡೆ. ವಿಮಾನ ಓಡಿ ಮೇಲೆದ್ದು, ಅದರ ರೆಕ್ಕೆಯ ತುದಿಯ ದೀಪಗಳು ಒಂದು ಕೆಂಪು, ಒಂದು ಹಸಿರು ಚುಕ್ಕೆಯಾಗಿ ಮೇಲೆ ತಿರುಗತೊಡಗಿದವು. ಅದರೊಳಗೆ ಈಗ ದೀಪ ಆರಿಸಿದ್ದಾರೋ, ಟಾರ್ಚ್ ಹೊತ್ತಿಸಿದ್ದಾರೋ, ಕೆಳಗಿದ್ದವನಿಗೆ ಏನು ಗೊತ್ತು? ತಂತಿ ಅಂಗೈಗೆ ಒತ್ತುತ್ತಿತ್ತು. ಚುಕ್ಕೆಗಳು ಕೆಳಗೆ ಬಂದವು. ಮುಂದಿನ ದೊಡ್ಡ ದೀಪ ನನ್ನ ಕಡೆಗೇ ಬಂದಂತೆ ಬಂತು. ಗಾಲಿ ಕಿರ್ ಎಂದವು. ವಿಮಾನ ಒಮ್ಮೆ ಸಣ್ಣಗೆ ಹಾರಿ ಕೂತು, ಸದ್ದು ಮಾಡುತ್ತಾ ಓಡಿ, ನಿಂತಿತು.

ಕ್ಯಾಪ್ಟನ್ ಬೋರ್ಸೆ ಗೇಟಿನತ್ತ ನಡೆದು ಬಂದರು. ಹಿಂದೆ ನೀಲಾ, ಕೊರಳಲ್ಲಿ ಅಜ್ಜಿಯ ದಾರ, ದಾರದಲ್ಲಿ ಸಣ್ಣ ಟಾರ್ಚ್.

"ಕೈ?" ಎಂದೆ.

"ಹಾತ್ ಸೋಡಲೇ ನಾಹೀತ್," ಎಂದರು ಅವರು. ಕೈ ಬಿಡಲಿಲ್ಲ. ಆಮೇಲೆ ಮೀಸೆಯೊಳಗೇ ನಕ್ಕು, ಟಾರ್ಚ್ ಹೊತ್ತಿಸಿದಾಗೆಲ್ಲ ತಲೆ ಮಾತ್ರ ಒಂದಿಷ್ಟು ಬಾಗುತ್ತಿತ್ತು ಎಂದರು. "ಡೋಕ್ಯಾನೇ ವಿಮಾನ್ ಹಲತ್ ನಾಹೀ. ಚಾಲೇಲ್." ತಲೆ ಬಾಗಿದರೆ ವಿಮಾನ ಬಾಗುವುದಿಲ್ಲ, ಅಷ್ಟು ನಡೆಯುತ್ತದೆ, ಪಾಸು.

ನನ್ನ ಅವ್ವನದು ಅಷ್ಟಾದರೂ ಉಳಿಯಿತಲ್ಲ ಎಂದು ಕಣ್ಣು ತುಂಬಿತು. ಪೇಢೆ ಡಬ್ಬಿ ಬಿಚ್ಚಿದೆ. ಕ್ಯಾಪ್ಟನ್ ಸಾಹೇಬರಿಗೆ ಕೊಟ್ಟೆ, ವಾಚ್‌ಮನ್‌ಗೆ ಕೊಟ್ಟೆ. ಯಾರೂ ನೋಡುತ್ತಿಲ್ಲ ಎಂದು ಎಲ್ಲಕ್ಕಿಂತ ದೊಡ್ಡದೊಂದನ್ನು ಎತ್ತಿ, ಕತ್ತಲೆಯಲ್ಲಿ ಮೆಲ್ಲಗೆ ಬಾಯಿಯ ಹತ್ತಿರ ತಂದೆ.

"ಅಜ್ಜಾ, ದೀಪಾ!"

ಟಾರ್ಚಿನ ಬೆಳಕು ನೆಟ್ಟಗೆ ನನ್ನ ಮುಖದ ಮೇಲೆ ಬಿತ್ತು. ನನ್ನ ಎರಡೂ ಕೈ ಎದ್ದು ಕೂಡಿಕೊಂಡವು, ಕಣ್ಣು ಮುಚ್ಚಿಕೊಂಡವು. ಕಣ್ಣು ತೆರೆದಾಗ ಡಬ್ಬಿ ಅವಳ ಎಡಗೈಯಲ್ಲಿತ್ತು, ನನ್ನ ಪೇಢೆ ಅವಳ ದವಡೆಯಲ್ಲಿತ್ತು.

"ನೈವೇದ್ಯ," ಎಂದಳು, ಬಾಯಿ ತುಂಬಿಕೊಂಡು.